ಕೂಸಿನ ಒಸಡು, ಮನೆಮಂದಿಯ ಕಾರುಬಾರು

ಕೊಪ್ಪಳದ ನಮ್ಮ ಆಸ್ಪತ್ರೆಯಲ್ಲಿ ರೋಗಿಗಳು ನನ್ನ ಮಾತು ಕೇಳುತ್ತಾರೆ. ಜೊತೆಗೆ ಬಂದವರು ಕೇಳುವುದಿಲ್ಲ. ನಾನು ಇಲ್ಲಿಯ ಮೇಟ್ರನ್, ಕಾನ್ವೆಂಟಿನಲ್ಲಿ ಓದಿದವಳು. ಶಿಸ್ತಿನಲ್ಲಿ ರಾಜಿಯಿಲ್ಲ. ಆದರೂ ಆಗಾಗ ಒಂದು ಕುಟುಂಬ ನನ್ನನ್ನು ಸೋಲಿಸಿಯೇ ಹೋಗುತ್ತದೆ.

ಈಚೆಗೆ ಬಂದದ್ದು ಗಿಣಿಗೇರಾದ ಕುಟುಂಬ. ಹಸುಗೂಸಿನ ಮೇಲಿನ ಒಸಡಿನಲ್ಲಿ ಬಟಾಣಿಯಷ್ಟು ಗಂಟು. ಅಪಾಯದ್ದಲ್ಲ. ಆದರೆ ಅದರ ದೆಸೆಯಿಂದ ಕೂಸು ಹುಟ್ಟಿದಾಗಿನಿಂದ ಮೊಲೆ ಹಿಡಿದಿರಲಿಲ್ಲ. ಚಮಚದ ಹಾಲೇ ಗತಿ. ಲೇಸರ್‌ನಿಂದ ತೆಗೆಯುವುದೆಂದಾಯಿತು.

ಕಪ್ಪು ಕನ್ನಡಕ

ಲೇಸರ್ ಬೆಳಕು ಕಣ್ಣಿಗೆ ತಾಗದಿರಲೆಂದು ಒಳಗಿದ್ದವರೆಲ್ಲ ಗಾಢ ಬಣ್ಣದ ಕನ್ನಡಕ ಹಾಕಬೇಕು. ಬಾಗಿಲಲ್ಲಿ ಇಣುಕಿದ ಕೂಸಿನ ಅಜ್ಜಿ ನನ್ನ ತೋಳು ಹಿಡಿದರು.

“ಅಕ್ಕಾರ, ಡಾಕ್ಟರು ಮೋತಿಬಿಂದು ತಗಿಸ್ಕೊಂಡಾರೇನ್ರಿ? ಕಣ್ಣಿನ ಕ್ಯಾಂಪಿನ್ಯಾಗ ನನಗೂ ಇಂಥಾದಽ ಚಸಮಾ ಕೊಟ್ಟಿದ್ರು. ಬಾಗಲಾನೂ ಕಾಣತಿರಲಿಲ್ಲ.”

“ಅವರ ಕಣ್ಣಿಗೆ ಪೊರೆ ಬಂದಿಲ್ಲ. ಇದು ನಿಯಮ. ನೋಡಿ, ನಾನೂ ಹಾಕಿದ್ದೇನೆ.”

ಅಜ್ಜಿ ಮಗನ ಕಡೆ ತಿರುಗಿದರು. “ಎಲ್ಲಾರೂ ಒಂದಽ ಕ್ಯಾಂಪಿನ್ಯಾಗ ಮಾಡಿಸ್ಯಾರ.”

ಕಿಡಿ ಹಾರದ ಕೆಲಸ

ಆ ಮಗನೇ ಕೂಸಿನ ತಂದೆ, ಕಾರ್ಖಾನೆಯಲ್ಲಿ ವೆಲ್ಡರ್. ತಾನೂ ಒಳಗೆ ನಿಲ್ಲಬೇಕೆಂದು ವೆಲ್ಡಿಂಗ್ ಮಾಡುವಾಗ ಮುಖಕ್ಕೆ ಹಿಡಿಯುವ ಗುರಾಣಿಯನ್ನೇ ತಂದಿದ್ದ.

“ಬಿಡುವುದಿಲ್ಲ,” ಎಂದೆ.

“ಕಿಡಿ ಹಾರತಾವೇನ್ರಿ?”

“ಇಲ್ಲ.”

“ಕಿಡಿ ಇಲ್ಲದ ಹೆಂಗ ಕೂಡತೈತ್ರಿ?”

“ಇದು ಕೂಡಿಸುವುದಲ್ಲ, ಗಂಟನ್ನು ತೆಗೆಯುವುದು.”

ಅವನ ಮುಖ ತಿಳಿಯಾಯಿತು. “ಗ್ಯಾಸ್ ಕಟಿಂಗ್ ಅನ್ರಿ ಹಂಗಾದ್ರ. ಮೊದಲಽ ಹೇಳಬಾರದೇನ್ರಿ,” ಎಂದು ಬೆಂಚಿನ ಮೇಲೆ ನಿಶ್ಚಿಂತನಾಗಿ ಕುಳಿತ.

ಹೊರಗೆ ಹಾಕುವುದು

ಗಂಟು ಹೋಯಿತು. ಕೂಸಿಗೆ ಪೂರ್ತಿ ಎಚ್ಚರವಾದ ಮೇಲೆ ಡಾಕ್ಟರು ಹಾಲು ಕುಡಿಸಲು ಹೇಳಿದರು. ತಾಯಿ ಎದೆಗೆ ಹಚ್ಚಿಕೊಂಡಳು. ಕೂಸು ಮುಖ ತಿರುಗಿಸಿತು. ಇನ್ನೊಮ್ಮೆ ಪ್ರಯತ್ನಿಸಿದಳು. ಮತ್ತೆ ಅದೇ. ತಾಯಿಯ ಕಣ್ಣು ತುಂಬಿತು.

ಮಂಚದ ಸುತ್ತ ಆಗಲೇ ಅರ್ಧ ಗಿಣಿಗೇರಾ ನೆರೆದಿತ್ತು. “ಎಲ್ಲರೂ ಹೊರಗೆ,” ಎಂದೆ. ಒಂದೇ ಮಾತಿಗೆ ಹೋದರು. ಅಜ್ಜಿ ಮಾತ್ರ ಬಾಗಿಲಲ್ಲಿ ನಿಂತರು.

ಚೀಪುವುದು ನೆನಪಾಗಲೆಂದು ಕೈ ತೊಳೆದು, ಕಿರುಬೆರಳನ್ನು ಮೆಲ್ಲಗೆ ಕೂಸಿನ ಬಾಯಿಗಿಟ್ಟೆ. ಹಿಡಿಯಿತು ನೋಡಿ. ಎಂಥ ಎಳೆತ! ತಾಯಿ ಅಳುತ್ತಲೇ ನಕ್ಕಳು. ಇನ್ನು ಅವಳಿಗೆ ಕೊಡೋಣವೆಂದು ಬೆರಳು ಎಳೆದೆ, ಬಿಡಲಿಲ್ಲ. “ಸಾಕು, ಬಿಡಮ್ಮ,” ಎಂದು ಕೂಸಿಗೆ ಗಂಭೀರವಾಗಿಯೇ ಹೇಳಿದೆ. ಬಿಲ್ಲಿನಂತೆ ಬಾಗಿ ನಿಂತಿದ್ದ ನನ್ನನ್ನು ಅಜ್ಜಿ ನಿಧಾನವಾಗಿ ನೋಡಿದರು.

“ಅಕ್ಕಾರ, ನಮ್ಮನ್ನೆಲ್ಲಾ ಒಂದಽ ಮಾತಿಗೆ ಹೊರಗ ಹಾಕಿದ್ರಿ. ಈಗ ನಿಮ್ಮ ಬೆರಳೊಂದು ಹೊರಗ ತಗೀರಿ ನೋಡೂಣು.”