‘ಯು’ ಅಕ್ಷರವನ್ನು ಸರದಿಗೆ ಮುನ್ನ ತೆರೆಯುವ ಕುರಿತು

ಪುರಸಭಾ ಗ್ರಂಥಾಲಯ, ಟ್ಯಾಮರಾಕ್ ಫಾಲ್ಸ್, ಮಿನೆಸೋಟ
(ಅರ್ಥ ಮತ್ತು ಅಕ್ಷರಕ್ರಮ ವಿಭಾಗ)

ಸಂಖ್ಯೆ: ಗ್ರಂ/ಅಅ/ಕೆ/1974
ಉಲ್ಲೇಖ: ಶ್ರೀಮತಿ ಸೋಲ್ವೇಗ್ ನೀಸ್ಟ್ರಮ್ (ತುಂಬು ಗರ್ಭಿಣಿ) ಇವರ ಮೌಖಿಕ ಮನವಿ

ಇಂಗ್ಲಿಷ್ ಪದಗಳ ಹಾಗೂ ಹೆಸರುಗಳ ಅರ್ಥಕೋಶವು ಊರಿಗೆಲ್ಲ ಒಂದೇ ಇರುವುದರಿಂದಲೂ, ಅದರ ಮುಂದೆ ಸಾರ್ವಜನಿಕರು “ನೀವು ನೋಡಿ ಮೊದ್ಲು”, “ಅಯ್ಯೋ, ಛೆ, ನೀವೇ ನೋಡಿ, ನಂದೇನು ಅರ್ಜೆಂಟಿಲ್ಲ” ಎಂದು ಸಂಜೆಯವರೆಗೆ ಹಿಂದೆ ಸರಿಯುತ್ತ, ಯಾರೊಬ್ಬರೂ ಪುಟ ತೆರೆಯದೆ ಮನೆಗೆ ಹೋಗುತ್ತಿರುವುದರಿಂದಲೂ, ಊರಿನ ಹಿತದೃಷ್ಟಿಯಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ವಾರಕ್ಕೊಂದು ಅಕ್ಷರ ಮಾತ್ರ ತೆರೆಯತಕ್ಕದ್ದು. ಪ್ರಸ್ತುತ ‘ಕೆ’ ನಡೆಯುತ್ತಿದೆ.

2. ಹೆಸರು ಹುಡುಕುವವರು ದಾರಿಯಲ್ಲಿ ಸಿಗುವ ಪದಗಳನ್ನೂ ಓದಿಕೊಂಡೇ ಹೋಗತಕ್ಕದ್ದು. ಪದವೊಂದನ್ನು ಕಂಡೂ ಕಾಣದಂತೆ ದಾಟುವುದು ನಮ್ಮ ಊರಿನ ನಡವಳಿಕೆಯಲ್ಲ.

3. ‘ಸಿ’ ವಾರದಲ್ಲಿ ತಮ್ಮ ಹೆಸರಿಗೆ ‘ಬೋಳು’ ಎಂಬ ಅರ್ಥ ಬಂದಿದೆಯೆಂದು ಕ್ಷೌರಿಕ ಕ್ಯಾಲ್ವಿನ್ ಥಾರ್ಸನ್ ಸಲ್ಲಿಸಿರುವ ಆಕ್ಷೇಪಣೆ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಅವರು ಕೂದಲನ್ನು ಯಥಾಸ್ಥಿತಿಯಲ್ಲಿ ಕಾಪಾಡಿಕೊಳ್ಳತಕ್ಕದ್ದು.

4. ಸರದಿ ತಪ್ಪಿಸಲು ಸಿಬ್ಬಂದಿಗೆ ಆಲೂಗಡ್ಡೆ ಹಾಟ್‌ಡಿಶ್ (ಮನೆಯ ಒಲೆಯಲ್ಲಿ ಬೇಯಿಸಿದ ಬಿಸಿ ಖಾದ್ಯ) ತಂದುಕೊಡುವುದನ್ನು ನಿಷೇಧಿಸಲಾಗಿದೆ. ಸಿಬ್ಬಂದಿಯು ಎರಡು ಸಲ ಬೇಡವೆಂದು, ಮೂರನೆಯ ಒತ್ತಾಯಕ್ಕೆ “ಆಯ್ತು, ಒಂದೇ ಒಂದು ಚೂರು” ಎಂದು ಮಾತ್ರ ಸ್ವೀಕರಿಸತಕ್ಕದ್ದು.

5. ‘ಎಕ್ಸ್’ ವಾರದಲ್ಲಿ ಯಾರೂ ಬಾರದಿದ್ದರೂ ಸಿಬ್ಬಂದಿಯು ನಗುಮುಖದಿಂದ ನಿಂತಿರತಕ್ಕದ್ದು.

6. ಇನ್ನು ಉಲ್ಲೇಖಿತ ಮನವಿ. ಅರ್ಜಿದಾರರ ಅತ್ತೆ ಶ್ರೀಮತಿ ಹುಲ್ಡಾ ಅವರು, ಹುಟ್ಟುವ ಮಗು ಹೆಣ್ಣಾದರೆ ತಮ್ಮ ತಾಯಿಯ ಹೆಸರಾದ, ಇಂಗ್ಲಿಷಿನಲ್ಲಿ ‘ಯು’ದಿಂದ ಆರಂಭವಾಗುವ ಉರ್ಸುಲಾ ಎಂದೇ ಇಡಬೇಕೆಂದು ಇಚ್ಛಿಸಿದ್ದಾರೆ. ಅರ್ಜಿದಾರರು ಗ್ರಂಥಪಾಲಕರಿಗೆ ನೀಡಿದ ಹೇಳಿಕೆ: “ಅದಕ್ಕೆ ಹೆಣ್ಣು ಕರಡಿ ಅಂತ ಅರ್ಥವಂತೆ, ಲುಂಡ್‌ಕ್ವಿಸ್ಟ್ ಅವ್ರೇ. ಅತ್ತೆ ಮುಖ ನೋಡ್ಕೊಂಡು ಬೇಡ ಅನ್ನೋಕಾಗುತ್ತಾ? ಪುಸ್ತಕಾನೇ ಹೇಳ್ಬಿಟ್ರೆ ಯಾರಿಗೂ ಬೇಜಾರಿಲ್ಲ. ‘ಯು’ ಒಂಚೂರು ತೆಗೀರಿ.” ಸದರಿ ಅರ್ಥವು ಈ ವಿಭಾಗಕ್ಕೆ ತಿಳಿದಿದೆಯಾದರೂ, ‘ಯು’ ವಾರದವರೆಗೆ ತಿಳಿಯದಂತೆ ಇರಬೇಕಾಗಿರುವುದರಿಂದ ಮನವಿಯನ್ನು ವಿಷಾದಪೂರ್ವಕವಾಗಿ ತಿರಸ್ಕರಿಸಲಾಗಿದೆ.

7. ಈ ಸುತ್ತೋಲೆ ಅನುಮೋದನೆಗೆ ಹೋಗಿಬರುವಷ್ಟರಲ್ಲಿ ಹೆರಿಗೆಯಾಗಿರುತ್ತದೆ. ಆಸ್ಪತ್ರೆಯಲ್ಲಿ ಅತ್ತೆಯವರು “ಉರ್ಸುಲಾ, ಚೆನ್ನಾಗಿದೆ ಅಲ್ವೇನಮ್ಮಾ?” ಎಂದು ಕೇಳಿದಾಗ ಬಾಣಂತಿಯು “ಹೂಂ... ಬೇರೆ ಥರಾ ಇದೆ” ಎಂದಿರುತ್ತಾರೆ. ಇದಕ್ಕಿಂತ ಕಟುವಾದ ವಿರೋಧವನ್ನು ಈ ಊರಿನಲ್ಲಿ ಯಾರೂ ಎಂದೂ ಬಾಯಿಬಿಟ್ಟು ವ್ಯಕ್ತಪಡಿಸಿಲ್ಲ ಎಂಬುದನ್ನು ಈ ವಿಭಾಗವು ಬಲ್ಲದು. ಆದರೆ ಪುಸ್ತಕದ ಆಧಾರವಿಲ್ಲದ ಕಾರಣ ಅದನ್ನು ಒಪ್ಪಿಗೆ ಎಂದೇ ದಾಖಲಿಸಲಾಗಿದೆ.

(ಸಹಿ)
ಆರ್ವಿಡ್ ಲುಂಡ್‌ಕ್ವಿಸ್ಟ್
ಗ್ರಂಥಪಾಲಕರು

ಪ್ರತಿಗಳು:
1. ಶ್ರೀ ಕ್ಯಾಲ್ವಿನ್ ಥಾರ್ಸನ್, ತಲೆಸಮೇತ ಹಾಜರಾಗಲು.
2. ಲೂಥರನ್ ಚರ್ಚಿನ ಪಾದ್ರಿಗಳು, ಭಾನುವಾರದ ನಾಮಕರಣದ ಸಲುವಾಗಿ.
3. ಶ್ರೀಮತಿ ಹುಲ್ಡಾ ನೀಸ್ಟ್ರಮ್, ಅಭಿನಂದನೆಗಳೊಂದಿಗೆ.
4. ಕುಮಾರಿ ಉರ್ಸುಲಾ ನೀಸ್ಟ್ರಮ್, ತೊಟ್ಟಿಲು. ಓದಲು ಬಂದ ಮೇಲೆ ‘ಯು’ ವಾರದಲ್ಲಿ ಬರುವುದು.