ಕತ್ತಿಯ ಕೆಳಗಿನ ಕಾಮೆಂಟರಿ

ಮೇಷ್ಟ್ರು: ಎಡಗೆನ್ನೆ ಆಯ್ತು, ಸರಿ. ಬಲಗೆನ್ನೆ ಯಾರು ಮಾಡ್ತಾರಪ್ಪಾ, ನಿನ್ನ ಗೋಲ್‌ಕೀಪರಾ?

ಕ್ಷೌರಿಕ: ಎರಡೇ ನಿಮಿಷ ಮೇಷ್ಟ್ರೇ. ಮೆಲ್ಲಗೆ ಮಾತಾಡಿ, ಅಕ್ಕಪಕ್ಕ ಕೂತೋರಿಗೆ ತೊಂದ್ರೆ ಆಗುತ್ತೆ.

ಮೇಷ್ಟ್ರು: ಅಕ್ಕಪಕ್ಕ ಯಾರಿದ್ದಾರೆ? ಒಂದು ಕಡೆ ನಾನು, ಇನ್ನೊಂದು ಕಡೆ ಪೌಡರ್ ಡಬ್ಬಿ!

ಕ್ಷೌರಿಕ: ನಲವತ್ತು ಸಾವಿರ ಜನ ಇದ್ದಾರೆ ಸಾರ್.

ಕಣ್ಣಿಗೆ ವಿಆರ್ ಹೆಡ್‌ಸೆಟ್ ಕಟ್ಟಿಕೊಂಡಿದ್ದ ಕ್ಷೌರಿಕ ಫುಟ್‌ಬಾಲ್ ಫೈನಲ್ ನಡೆಯುತ್ತಿದ್ದ ಮೈದಾನಕ್ಕೇ ಹೋಗಿ ಕೂತಿದ್ದ. ಅವನ ದೇಹ ಮಾತ್ರ ಕತ್ತಿ ಹಿಡಿದು ಸಲೂನಿನಲ್ಲಿ ನಿಂತಿತ್ತು. ಮೇಷ್ಟ್ರ ಬಲಗೆನ್ನೆಯ ನೊರೆ ಒಣಗುತ್ತಾ ಬಂದಿತ್ತು. ಮೂವತ್ತನಾಲ್ಕು ವರ್ಷ ಪಾಠ ಹೇಳಿ, ಹೆಡ್‌ಮಾಸ್ಟರೂ ಆಗಿ, ಇವತ್ತು ನಿವೃತ್ತರಾಗುವವರು ಅವರು. ನಾಲ್ಕು ಗಂಟೆಗೆ ಶಾಲೆಯಲ್ಲಿ ಫೋಟೋ. ಗಡಿಯಾರ ಆಗಲೇ ಮೂರೂವರೆ ದಾಟಿತ್ತು.

ಮೇಷ್ಟ್ರು: ಆ ಫೋಟೋ ಆಫೀಸು ಗೋಡೆ ಮೇಲೆ ಶಾಶ್ವತ ಕಣಯ್ಯಾ! ಹಿಂದಿನ ಹೆಡ್‌ಮಾಸ್ಟರ್‌ಗಳೆಲ್ಲ ಠೀವಿಯಿಂದ ಕೂತಿದ್ದಾರೆ. ಅವರ ಸಾಲಲ್ಲಿ ನಾನು ಅರ್ಧ ಗಡ್ಡ ಬಿಟ್ಕೊಂಡು ನೇತಾಡ್ಬೇಕಾ?

ಕ್ಷೌರಿಕ: ಒಂದು ಪಕ್ಕಕ್ಕೆ ತಿರುಗಿ ಕೂತ್ಕೊಳ್ಳಿ ಸಾರ್. ಅಯ್ಯೋ, ನನ್ನ ಮುಂದೆ ಕೂತಿರೋನ ಕುತ್ತಿಗೆ ಹಿಂದೆ ನೋಡಿ! ಯಾವ ಪುಣ್ಯಾತ್ಮ ಕಟಿಂಗ್ ಮಾಡಿದ್ನೋ, ಮೆಟ್ಟಿಲು ಮೆಟ್ಟಿಲಾಗಿದೆ. ಸ್ವಲ್ಪ ಇರಿ...

ಅವನು ಗಾಳಿಯಲ್ಲೇ ಕತ್ತಿ ಆಡಿಸತೊಡಗಿದ. ಮೇಷ್ಟ್ರು ಕುರ್ಚಿಯಲ್ಲೇ ಮುದುಡಿಕೊಂಡರು.

ಮೇಷ್ಟ್ರು: ಅವನ ಕುತ್ತಿಗೆ ಅಲ್ಲಿದೆ, ನನ್ನ ಕುತ್ತಿಗೆ ಇಲ್ಲಿದೆ! ಬಿಚ್ಚು ಅದನ್ನ!

ಕ್ಷೌರಿಕ: ಬಿಚ್ಚಿದ್ರೆ ಮ್ಯಾಚ್ ಯಾರು ನೋಡ್ತಾರೆ? ಇಬ್ಬರದೂ ಒಂದೊಂದು ಗೋಲ್ ಆಗಿದೆ. ಇನ್ನು ಐದೇ ನಿಮಿಷ.

ಮೇಷ್ಟ್ರು: ನಾನು ನೋಡ್ತೀನಿ! ನನ್ನ ಕಣ್ಣಿಗೆ ಕಟ್ಟು. ಅದು ಮೂಗಿನ ತನಕ ತಾನೇ ಬರೋದು? ಕೆಳಗೆ ನೀನು ಕೆರಿ, ಮೇಲೆ ನಾನು ನೋಡಿ ಹೇಳ್ತೀನಿ.

ಹೆಡ್‌ಸೆಟ್ ತಮ್ಮ ಕಣ್ಣಿಗೇರುತ್ತಲೇ, ಎಂಥಾ ಉಪಾಯ ಹೊಳೆಯಿತಲ್ಲ ಎಂದು ಮೇಷ್ಟ್ರಿಗೆ ಹೆಮ್ಮೆಯಾಯಿತು. ಕತ್ತಿ ಗಂಟಲಿಗೆ ಬರುವವರೆಗೂ ಆ ಹೆಮ್ಮೆ ಇತ್ತು.

ಕ್ಷೌರಿಕ: ನಮ್ಮೋರು ಕೆಂಪು ಅಂಗಿ. ಬಾಲ್ ಯಾರ ಹತ್ರ ಇದೆ?

ಮೇಷ್ಟ್ರು: ನೀಲಿ... ಅಯ್ಯಯ್ಯೋ, ನನ್ನ ಮೈಮೇಲೇ ಬಂತು!

ಕ್ಷೌರಿಕ: ಅಲ್ಲಾಡ್ಬೇಡಿ! ಇನ್ನೊಂದು ಮಾತು ಸಾರ್, ನಮ್ಮೋರು ಸೋತ್ರೆ ನನ್ನ ಕೈ ನಡುಗುತ್ತೆ. ಹೋದ ಸಲ ಸೋತಾಗ ಪೋಸ್ಟ್‌ಮಾಸ್ಟರ್ ಅರ್ಧ ಮೀಸೆ ಹೋಯ್ತು.

ಮೇಷ್ಟ್ರು: ಹೆಂಡ್ತಿ ಹೇಳಿದ್ಲು ಅಂತ ಬೋಳಿಸಿದೆ ಅಂದಿದ್ರಲ್ಲ!

ಕ್ಷೌರಿಕ: ಪಾಪ, ಇನ್ನೇನು ಹೇಳ್ತಾರೆ?

ಕತ್ತಿ ಮೀಸೆಯ ಅಂಚಿಗೆ ಬಂದಿತ್ತು. ಅಷ್ಟರಲ್ಲಿ ನೀಲಿ ಅಂಗಿಯವನೊಬ್ಬ ಒದ್ದ ಚೆಂಡು ನೆಟ್ಟಗೆ ಬಲೆಯೊಳಗೆ ಹೋಯಿತು. ಹಿಂದೆಯೇ ಕೊನೆಯ ಸೀಟಿ ಕೇಳಿಸಿತು. ಮೇಷ್ಟ್ರ ಬಾಯಿಂದ "ಹಾ!" ಹೊರಟೇಬಿಟ್ಟಿತು.

ಕ್ಷೌರಿಕ: ಗೋಲಾ? ಯಾರದು? ಹೇಳಿ ಸಾರ್!

ಹೋಮ್‌ವರ್ಕ್ ಮಾಡದೆ 'ಪುಸ್ತಕ ಮನೇಲಿ ಬಿಟ್ಟೆ' ಎಂದವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದ್ದ ಮೇಷ್ಟ್ರು ಪೋಸ್ಟ್‌ಮಾಸ್ಟರ ಅರ್ಧ ಮೀಸೆಯನ್ನು ನೆನೆದುಕೊಂಡರು.

ಮೇಷ್ಟ್ರು: ನಿಮ್ಮೋರದೇ ಕಣಪ್ಪಾ! ಕೆಂಪು! ಗೆದ್ದೇಬಿಟ್ರು!

ಕ್ಷೌರಿಕನ ಕೈಗೆ ಎಲ್ಲಿಲ್ಲದ ಹುರುಪು ಬಂತು. ಮೀಸೆ ಒಪ್ಪವಾಯಿತು, ಕೆನ್ನೆ ನುಣ್ಣಗಾಯಿತು, ಕೇಳದಿದ್ದರೂ ತಲೆಗೆ ಮಾಲೀಸೂ ಆಯಿತು. ಮೇಷ್ಟ್ರು ಹೆಡ್‌ಸೆಟ್ಟನ್ನು ಅವನ ಕೈಗಿತ್ತು, ಕನ್ನಡಿಯನ್ನೂ ಸರಿಯಾಗಿ ನೋಡದೆ ಬಾಗಿಲು ದಾಟಿದರು. ರಸ್ತೆಯ ತಿರುವು ಮುಟ್ಟುವಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿಸಿತು.

ಕ್ಷೌರಿಕ: ಮೇಷ್ಟ್ರೇ! ಕಪ್ ನೀಲಿ ಅಂಗಿಯೋರ ಕೈಲಿದೆ! ಸುಳ್ಳು ಹೇಳ್ಬೇಡಿ ಅಂತ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಮಾಡಿದೋರು ನೀವು!

ಮೇಷ್ಟ್ರು ನುಣ್ಣನೆಯ ಬಲಗೆನ್ನೆಯನ್ನು ಸವರಿಕೊಳ್ಳುತ್ತಾ, ಹೆಜ್ಜೆ ನಿಲ್ಲಿಸದೆಯೇ ತಿರುಗಿದರು.

ಮೇಷ್ಟ್ರು: ಆ ಮಕ್ಕಳಲ್ಲಿ ಯಾರೂ ನನ್ನ ಗಂಟಲಿಗೆ ಕತ್ತಿ ಇಟ್ಟು ಪ್ರಶ್ನೆ ಕೇಳಿರ್ಲಿಲ್ಲ ಕಣಪ್ಪಾ!