ಸೋಮವಾರ ಗೇಯದ ಕಂಪ್ಯೂಟರು

ನಮ್ಮ ಸೋದರಮಾವನ ಕೊಟ್ಟಿಗೆಯಲ್ಲಿ ಒಂದು ಕಂಪ್ಯೂಟರು ಕಟ್ಟಿದೆ ಎಂದರೆ ನೀವು ನಂಬುವುದಿಲ್ಲ. ಬೇಡ, ಕ್ಯಾತನಹಳ್ಳಿಗೆ ಹೋಗಿ ನೋಡಿಕೊಂಡೇ ಬನ್ನಿ! ಟ್ರಾಕ್ಟರು ಬಂದು ಎತ್ತುಗಳು ಹೋದ ಮೇಲೆ ಖಾಲಿ ಬಿದ್ದ ಜಾಗಕ್ಕೆ ಸುಣ್ಣ ಬಳಿಸಿ, ಹಳೆಯದೊಂದು ಕಂಪ್ಯೂಟರು, ಪ್ರಿಂಟರು ತಂದಿಟ್ಟಿದ್ದಾರೆ. ಪಹಣಿ, ಕರೆಂಟು ಬಿಲ್ಲು, ರೈಲು ಟಿಕೆಟ್ಟು, ಮಕ್ಕಳ ರಿಸಲ್ಟು, ಊರಿನ ಕೆಲಸವೆಲ್ಲ ಅಲ್ಲೇ.

"ಕಂಪ್ಯೂಟರ್ ಅಂದ್ರೇನು ಮಾವ?" ಎಂದು ಒಮ್ಮೆ ಕೆಣಕಿದೆ.

"ಎತ್ತು ಕಣವ್ವ! ಬುದ್ಧಿ ನಮ್ದು, ಗೇಯ್ಮೆ ಅದ್ರುದು. ನಾವು ತಪ್ಪು ಸಾಲಿಗೆ ಒಡುದ್ರೆ ಅದೂ ತಪ್ಪು ಸಾಲಲ್ಲೇ ಓಯ್ತದೆ." ಮೌಸಿನ ವೈರು ತೋರಿಸಿ, "ಇದು ಮೂಗುದಾರ" ಎಂದರು. ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟ್ರು ಹೇಳಿಯಾರು?

ಪಕ್ಕದ ಮನೆಯವನು ಎಲ್ಲಿಂದಲೋ ಪೆನ್‌ಡ್ರೈವ್ ತಂದು ಚುಚ್ಚಲು ಹೋದಾಗ ಮಾವ ಹೌಹಾರಿದರು. "ತಡಿಲಾ! ಸಂತೆಯಿಂದ ತಂದ ದನವ ನೇರ ಕೊಟ್ಗೆಗೆ ನುಗ್ಗುಸ್ತಿಯೇನ್ಲಾ? ಕಾಯ್ಲೆ ಐತೋ ಏನೋ ನೋಡ್ಬ್ಯಾಡ್ವಾ?" ನೋಡಿದರೆ ನಿಜಕ್ಕೂ ವೈರಸ್ಸು! ಅಂದಿನಿಂದ ಊರಿನವರು ಅವರನ್ನು ದನದ ಡಾಕ್ಟ್ರು ಎನ್ನುತ್ತಾರೆ.

ಆದರೆ ಸೋಮವಾರ? ನಮ್ಮ ಕಡೆ ಅದು ಬಸವನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಾವನ ಕಂಪ್ಯೂಟರಿಗೂ ರಜೆ! ಕುಂಕುಮವಿಟ್ಟು, ಟವೆಲ್ಲು ಹೊದಿಸಿ, ಪ್ಲಗ್ಗು ಕಿತ್ತುಬಿಡುತ್ತಾರೆ. ಪಂಚಾಯ್ತಿ ಮೆಂಬರು ಬಂದು ಬೇಡಿಕೊಂಡರೂ ಊಹೂಂ.

ನನ್ನ ಟೀಚರ್ ಕೆಲಸದ ಪರೀಕ್ಷೆ ಸೋಮವಾರವೇ ಬರಬೇಕೆ? ಅದೂ ವಯಸ್ಸು ಮೀರುವ ಮುಂಚಿನ ಕೊನೆಯ ಅವಕಾಶ. ಅಪ್ಪ ಹೋದ ಮೇಲೆ ಅಮ್ಮ ಆ ಕೆಲಸವನ್ನೇ ನೆಚ್ಚಿಕೊಂಡಿದ್ದಳು. ಬೆಳಿಗ್ಗೆ ಹೊರಡುವಾಗ ನೋಡಿದರೆ, ಜಗುಲಿಯ ಮೇಲಿಟ್ಟ ಹಾಲ್ ಟಿಕೆಟ್ಟನ್ನು ನಮ್ಮ ಮೇಕೆ ಮೇಯುತ್ತಾ ನಿಂತಿದೆ!

ಪಕ್ಕದ ಬೀದಿಯ ಮಾವನ ಮನೆಗೆ ಓಡಿದೆ. "ಮಾವ, ಒಂದೇ ಒಂದು ಪ್ರಿಂಟು..." ಅಷ್ಟರಲ್ಲಿ ಅಳು ಬಂತು.

ಮಾವ ನನ್ನ ಮುಖ ನೋಡಿದರು, ಟವೆಲ್ಲು ನೋಡಿದರು. ಮೆಲ್ಲಗೆ ಅದನ್ನು ಸರಿಸಿ, ಎತ್ತಿನ ಬೆನ್ನು ಸವರುವ ಹಾಗೆ ಡಬ್ಬವನ್ನು ಸವರಿದರು.

"ತಪ್ಪಾಯ್ತು ಕಣಪ್ಪ ಬಸವ. ಅಪ್ಪ ಇಲ್ದಿರೋ ಹೆಣ್ಮಗ ಇದು. ಇವತ್ತೊಂದಿನ ಗೇದ್ಬುಡು" ಎಂದು ಕೈ ಮುಗಿದರು.

ಮರುದಿನ ಜನ ಬಂದು ನಿಂತರೆ ಕಂಪ್ಯೂಟರಿನ ಮೇಲೆ ಮತ್ತೆ ಟವೆಲ್ಲು! "ನೆನ್ನೆ ನಮ್ಮ ಕೂಸಿಗೆ ಗೇದದೆ, ಇವತ್ತು ಮಲೀಕಳ್ಲಿ ಬುಡ್ರಪ್ಪ."

ಈಗ ನಾನು ಟೀಚರು. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಪಾಠದ ವೇಳಾಪಟ್ಟಿ ಹಾಕುವವಳು ನಾನೇ. ಸೋಮವಾರ ಯಾಕೆ ಖಾಲಿ ಎಂದು ಹೆಡ್‌ಮಾಸ್ಟರು ಕೇಳಿಲ್ಲ, ನಾನೂ ಹೇಳಿಲ್ಲ.